ಏಳನೇ ಕುರ್ಚಿ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಯ ಕಿವಿಗೆ ಪಕ್ಕದವರ ಮಾತು ಬೀಳುತ್ತಲೇ ಇತ್ತು. ಒಬ್ಬರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾದ ಮೇಡಂ. ಇನ್ನೊಬ್ಬಳು ಅವರನ್ನು ಹುಡುಕಿಕೊಂಡು ಅದೇ ಆಫೀಸಿನಿಂದ ಓಡಿಬಂದ ಹುಡುಗಿ.

"ಮೇಡಂ, ಕರೆಂಟ್ ಹೋಗಿ, ಹಳೇ ಸರ್ವರೊಳಗೆ ಓಡ್ತಿದ್ದ ವರ್ಚುವಲ್ ಮಷೀನೆಲ್ಲ ಎರಡನೇ ಕಟ್ಟಡದ ಸರ್ವರಿಗೆ ಬಂದ್ವು. ಎಲ್ಲಾ ಓಡ್ತಿವೆ, ಒಂದಕ್ಕೂ ನೆಟ್‌ವರ್ಕ್ ಸಿಗ್ತಿಲ್ಲ. ಲ್ಯಾಬ್ ರಿಪೋರ್ಟು ಯಾವ ವಾರ್ಡಿಗೂ ಹೋಗ್ತಿಲ್ಲ."

"ಹೊರಗೆ ಹೋಗೋ ಬಾಗಿಲು ಅಂತ ಯಾವ ಗೇಟ್‌ವೇ ವಿಳಾಸ ಹುಡುಕ್ತಿವೆ?"

"ಕೊನೇ ನಂಬರು ಏಳು ಇರೋ ವಿಳಾಸ. ಎರಡನೇ ಕಟ್ಟಡದ ಹೊಸ ರೂಟರಿಗಿರೋದು ಒಂದು. ಎಲ್ಲರೂ ಒಂದೇ ಇಡ್ತಾರೆ, ನೀವ್ಯಾಕೆ ಏಳು ಇಟ್ರಿ?"

ಮೇಡಂ ನಕ್ಕರು.

"ನಮ್ಮ ಸಾಹೇಬ್ರು ಬಾಗಿಲ ಪಕ್ಕ ಏಳನೇ ಕುರ್ಚೀಲಿ ಕೂರ್ತಿದ್ರು. ಯಾರೇ ಹೊರಗೆ ಹೊರಟ್ರೂ ಅವರನ್ನ ಕೇಳ್ಕೊಂಡೇ ಹೋಗ್ಬೇಕಿತ್ತು. ತಮಾಷೆಗೆ ಗೇಟ್‌ವೇಗೂ ಅದೇ ನಂಬರು ಕೊಟ್ವಿ. ಗೊತ್ತಾದ್ರೆ ಬೈತಾರೆ ಅಂದ್ಕೊಂಡಿದ್ವಿ, ಎಲ್ಲರಿಗೂ ಟೀ ಕುಡಿಸಿದ್ರು."

"ಈಗೆಲ್ಲಿದಾರೆ?"

"ಹೋದ ವರ್ಷ ತೀರಿಕೊಂಡ್ರು ಕಣಮ್ಮಾ."

ದರ್ಜಿ ಹಲ್ಲುನೋವು ಮರೆತು ಅತ್ತ ತಿರುಗಿದ.

"ಹಾಗಾದ್ರೆ ಎಲ್ಲಾ ಮಷೀನಲ್ಲೂ ಏಳು ಅಳಿಸಿ ಒಂದು ಹಾಕ್ಲಾ ಮೇಡಂ?"

ಒಳಗಿಂದ ಕರೆ ಬಂತು. ಮೇಡಂ ಎದ್ದು ಹೋಗಿ, ಬಾಗಿಲಲ್ಲಿ ಒಂದು ಗಳಿಗೆ ನಿಂತರು.

"ಬೇಡ. ಹೊಸ ರೂಟರಿಗೇ ಏಳು ಅಂತ ಇನ್ನೊಂದು ವಿಳಾಸ ಕೊಡು. ಹೊರಗೆ ಹೋಗೋರು ಸಾಹೇಬ್ರನ್ನೇ ಕೇಳ್ಕೊಂಡು ಹೋಗ್ಲಿ."