ಕಳ್ಳನ ಪರ ಪತ್ತೇದಾರಿಣಿಯ ಸಾಕ್ಷಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮೇಯರ್ ಡೆಕ್ಸ್‌ಟರ್ ಹೋಲ್ಟ್ ಅವರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಇಂದಿನ ಸನ್ಮಾನಿತರಾದ ಶ್ರೀಮತಿ ಹ್ಯಾರಿಯೆಟ್ ಫೆನ್ ಅವರೇ, ಅವರ ಪಕ್ಕದಲ್ಲಿ ಕುಳಿತು ಈಗಾಗಲೇ ಬೆವರು ಒರೆಸಿಕೊಳ್ಳುತ್ತಿರುವ ಅವರ ಪತಿ ಜಾಸ್ಪರ್ ಅವರೇ, ಹೊರಗೆ ಇಷ್ಟು ಹಿಮ ಬೀಳುತ್ತಿದ್ದರೂ ಈ ಸಭಾಂಗಣವನ್ನು ತುಂಬಿಸಿರುವ ಪೆನ್ನಿಕಟ್ ಊರಿನ ನನ್ನ ಪ್ರೀತಿಯ ಸಭಿಕರೇ,

ಅಧ್ಯಕ್ಷರು ನನಗೆ ಚಿಕ್ಕದಾಗಿ ಮಾತಾಡು ಎಂದಿದ್ದಾರೆ. ಅವರ ಮುಂದೆ ಒಂದು ಗಂಟೆಯೂ ಇದೆ, ಬಾರಿಸಲು. ಬಾರಿಸಲಿ. ನಾನು ಮೂವತ್ತು ವರ್ಷ ಹಡಗಿನಲ್ಲಿ ದುಡಿದವನು. ಗಂಟೆ ಕೇಳಿಯೂ ಕೇಳದಂತೆ ಇರುವುದನ್ನು ಅಲ್ಲಿ ಚೆನ್ನಾಗಿ ಕಲಿತಿದ್ದೇನೆ.

ಹ್ಯಾರಿಯೆಟ್ ಅವರು ಈ ಊರಿನಲ್ಲಿ ತನಿಖಾ ಕಚೇರಿ ತೆರೆದು ಎಷ್ಟು ಜನರ ಕಣ್ಣೀರು ಒರೆಸಿದರು ಎಂಬುದನ್ನು ನನಗಿಂತ ಮೊದಲು ಮಾತಾಡಿದವರು ವಿವರವಾಗಿ ಹೇಳಿದರು. ನಾನು ಅದನ್ನು ಮತ್ತೆ ಹೇಳುವುದಿಲ್ಲ. ನಾನು ಹೇಳಬೇಕೆಂದಿರುವುದು ಅವರು ಈ ಊರಿಗೆ ಬರುವುದಕ್ಕೆ ಮುಂಚಿನ ಮಾತು. ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ನಿನ್ನೆ ಮನೆಗೆ ಹೋಗಿ ಕೇಳಿದೆ. "ಹೇಳು ವಿಲ್ಬರ್, ನೀನು ಹೇಳದಿದ್ರೆ ಇವತ್ತಲ್ಲ ನಾಳೆ ನಾನೇ ಹೇಳ್ತೀನಿ" ಎಂದರು. ಜಾಸ್ಪರ್ ಮಾತ್ರ ಕಾಫಿ ಲೋಟದೊಳಗೆ ಮುಖ ಹುದುಗಿಸಿಕೊಂಡು, "ಊರಲ್ಲಿ ಅರ್ಧ ಮನೆಗಳ ಬೀಗ ನಾನು ಕೂರಿಸಿದ್ದು ಕಣಯ್ಯಾ, ಸ್ವಲ್ಪ ಯೋಚ್ನೆ ಮಾಡು" ಎಂದರು.

ಯೋಚಿಸಿದೆ. ಸಭಿಕರೇ, ನಿಮ್ಮ ಮನೆಗಳ ಬೀಗ ಕೂರಿಸಿದ ಈ ಜಾಸ್ಪರ್ ಫೆನ್, ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯಲ್ಲಿ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಹೆಸರುವಾಸಿಯಾಗಿದ್ದ ಒಡವೆ ಕಳ್ಳ!

ಕುಳಿತುಕೊಳ್ಳಿ, ಕುಳಿತುಕೊಳ್ಳಿ. ಯಾರೂ ಮನೆಗೆ ಓಡಬೇಕಾಗಿಲ್ಲ.

ಆಗ ನಾನು 'ಸಿಲ್ವರ್ ಮೆರಿಡಿಯನ್' ಎಂಬ ಹಡಗಿನಲ್ಲಿ ಸಹಾಯಕ ಪರ್ಸರ್. ಪ್ರಯಾಣಿಕರ ಒಡವೆ, ಹಣ, ದೂರು, ಅಳು ಎಲ್ಲವನ್ನೂ ನೋಡಿಕೊಳ್ಳುವ ಕೆಲಸ. ಫ್ರಾನ್ಸಿನ ಷೆರ್ಬೂರ್ಗಿನಿಂದ ನ್ಯೂಯಾರ್ಕಿಗೆ ಹೊರಟಿದ್ದೆವು. ಒಬ್ಬಳು ಯುವತಿ ಹಡಗು ಹತ್ತಿದಳು. ಬೂದು ಬಣ್ಣದ ಕೋಟು, ಕೊರಳಲ್ಲಿ ವಜ್ರದ ಹಾರ, ಎಡಗೈ ಗವಸಿನ ಕಿತ್ತುಹೋದ ಗುಂಡಿಯನ್ನು ಕಪ್ಪು ದಾರದಿಂದ ಹೊಲಿಯಲಾಗಿತ್ತು. ಹೆಸರು ಕೇಳಿದೆ. "ಹ್ಯಾರಿಯೆಟ್ ಲಾಕ್‌ರಿಡ್ಜ್. ಅಪ್ಪನಿಗೆ ತಾಮ್ರದ ಗಣಿ ಇದೆ" ಎಂದಳು. ಅಂದಿನ ಹ್ಯಾರಿಯೆಟ್‌ಳನ್ನು ನಾನು ಏಕವಚನದಲ್ಲಿ ಕರೆದರೆ ಸಭೆ ಕ್ಷಮಿಸಬೇಕು. ಇಪ್ಪತ್ತೇಳರ ಹುಡುಗಿಗೆ ಬಹುವಚನ ಹಚ್ಚಿದರೆ ಆ ಹುಡುಗಿ ನನ್ನ ಕಣ್ಣ ಮುಂದಿನಿಂದ ಮಾಯವಾಗುತ್ತಾಳೆ.

ಅಪ್ಪನಿಗೆ ಗಣಿ ಇತ್ತೇ? ಎಲ್ಲಿಯ ಗಣಿ! ಅಪ್ಪ ಟ್ರಾಮ್ ಓಡಿಸುತ್ತಿದ್ದವರು. ಇವಳು ನ್ಯೂಯಾರ್ಕಿನ ಒಂದು ತನಿಖಾ ಕಚೇರಿಯ ಪತ್ತೇದಾರಿಣಿ. ಟೈಪ್ ಮಾಡಲು ಸೇರಿ, ಮೇಲಿನವರೊಡನೆ ವರ್ಷಗಟ್ಟಲೆ ಜಗಳವಾಡಿ ಈ ಕೆಲಸ ಗಿಟ್ಟಿಸಿಕೊಂಡವಳು. ಇಡೀ ಕಚೇರಿಯಲ್ಲಿ ತನಿಖೆ ಮಾಡುವ ಹೆಂಗಸು ಇವಳೊಬ್ಬಳೇ. ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ನಟಿಯೊಬ್ಬಳ ನೀಲಮಣಿಯ ಪದಕ ಕದ್ದು ಯೂರೋಪಿಗೆ ಹಾರಿದ್ದವನನ್ನು ಹಿಡಿಯಲು ಹೊರಟಿದ್ದಳು. ಅವನು ಇದೇ ಹಡಗಿನಲ್ಲಿ ಮರಳುತ್ತಿದ್ದಾನೆ ಎಂಬ ಸುಳಿವಿತ್ತು. ಕೊರಳಿನ ಹಾರ ಅವನಿಗೆ ಹಾಕಿದ ಗಾಳ.

ಮೀನು ಗಾಳಕ್ಕೆ ಬಿತ್ತು! ಮರುದಿನ ಸಂಜೆ ನೃತ್ಯದ ಹಾಲಿನಲ್ಲಿ ವಾದ್ಯದವರು ವಾಲ್ಟ್ಸ್ ನುಡಿಸುತ್ತಿದ್ದರು. ಎತ್ತರದ, ಸೊಗಸಾದ ಒಬ್ಬ ತರುಣ ಬಂದು ಹ್ಯಾರಿಯೆಟ್‌ಳನ್ನು ಕುಣಿಯಲು ಕರೆದ. ಎರಡು ಸುತ್ತು ಸುತ್ತಿದರು. ಮೂರನೆಯ ಸುತ್ತಿಗೆ ಅವಳ ಕೊರಳು ಬೋಳು. ಅವಳಿಗೇ ಗೊತ್ತಾಗಿರಲಿಲ್ಲ. ಅವನೇ ಅಂಗೈ ತೆರೆದು ತೋರಿಸಿದನಂತೆ.

"ಇದು ಗಾಜು ಕಣ್ರೀ. ನಿಮ್ಮಂಥೋರು ಗಾಜು ಹಾಕ್ಕೋಬಾರದು. ತಗೊಳ್ಳಿ."

ಹ್ಯಾರಿಯೆಟ್ ಅವನ ಚಾಚಿದ ಕೈಗೆ ಹಾಗೇ ಕೋಳ ತೊಡಿಸಿದಳು. ಕುಣಿತ ನಿಲ್ಲಿಸಲಿಲ್ಲ. ಕುಣಿಯುತ್ತ ಕುಣಿಯುತ್ತಲೇ ಬಾಗಿಲಿನ ತನಕ ಕರೆದುಕೊಂಡು ಬಂದಳು. ನಾನು ಬಾಗಿಲಲ್ಲಿದ್ದೆ, ಎಂಥ ಚೆಂದದ ಜೋಡಿ ಎಂದುಕೊಂಡೆ. ಕೋಳ ಕಂಡದ್ದು ಆಮೇಲೆ!

ಕ್ಯಾಪ್ಟನ್ ಗೇನ್ಸ್ ಒಳ್ಳೆಯವರು, ಆದರೆ ಹಡಗಿನ ಹೆಸರೆಂದರೆ ಅವರಿಗೆ ಪ್ರಾಣ. "ಕೂಡಿಹಾಕೋ ಕೋಣೆ ಇದೆಯಲ್ಲ, ಅಲ್ಲಿಡಿ ಇವನನ್ನ" ಎಂದಳು ಹ್ಯಾರಿಯೆಟ್. "ಅಲ್ಲಿ ಆಲೂಗಡ್ಡೆ ಮೂಟೆ ತುಂಬಿದೆಯಮ್ಮಾ" ಎಂದರು ಕ್ಯಾಪ್ಟನ್. "ಕೋಳ ಹಾಕಿ ಇವನನ್ನ ಓಡಾಡಿಸಿದ್ರೆ ಮೊದಲ ದರ್ಜೆಯ ಹೆಂಗಸರೆಲ್ಲ ಕಿರುಚಾಡ್ತಾರೆ. ಒಂದು ಕೆಲಸ ಮಾಡಿ. ನ್ಯೂಯಾರ್ಕ್ ತಲುಪೋವರೆಗೂ ಇಬ್ಬರೂ ಒಟ್ಟಿಗೇ ಇರಿ. ಯಾರಾದ್ರೂ ಕೇಳಿದ್ರೆ, ಮದುವೆ ನಿಶ್ಚಯ ಆಗಿದೆ ಅನ್ನಿ."

"ಇವನ ಜೊತೆನಾ?" ಎಂದಳು ಹ್ಯಾರಿಯೆಟ್.

"ನಂದೇನೂ ಅಭ್ಯಂತರ ಇಲ್ಲ" ಎಂದ ಜಾಸ್ಪರ್.

ಕಾವಲಿಗೆ ಮೂರನೆಯವನಾಗಿ ನನ್ನನ್ನು ನೇಮಿಸಿದರು. ಹೀಗೆ ಸಭಿಕರೇ, ಇವರಿಬ್ಬರ ನಡುವೆ ಕುಳಿತು ನಾನು ಊಟ ಮಾಡಿದೆ, ಇವರಿಬ್ಬರ ಹಿಂದೆ ಡೆಕ್ಕಿನ ಮೇಲೆ ನಡೆದೆ, ಇವರಿಬ್ಬರೊಡನೆ ಇಸ್ಪೀಟಾಡಿ ಪ್ರತಿ ಸಲ ಸೋತೆ. ಮೊದಮೊದಲು ಅವರಿಬ್ಬರೂ ನಗುನಗುತ್ತಲೇ ಬೈದಾಡುತ್ತಿದ್ದರು, ಸುತ್ತಲಿನವರಿಗೆ ಪ್ರೇಮ ಸಲ್ಲಾಪದಂತೆ ಕಾಣಲಿ ಎಂದು. "ಚಿನ್ನಾ, ಜೈಲಲ್ಲಿ ಸೂಪು ತುಂಬಾ ತೆಳ್ಳಗಿರುತ್ತಂತೆ, ಈಗಲೇ ಕುಡಿದ್ಬಿಡು." "ನೀನು ಬಡಿಸಿದ್ರೆ ನೀರೂ ಕುಡೀತೀನಿ ಬಂಗಾರ." ಆಮೇಲೆ ಯಾವಾಗಲೋ ಬೈಗುಳ ನಿಂತಿತು. ಅವಳು ತನ್ನ ಅಪ್ಪನ ಟ್ರಾಮಿನ ಬಗ್ಗೆ ಹೇಳಿದಳು, ಅವನು ತಾನು ಬೆಳೆದ ಅನಾಥಾಲಯದ ಬಗ್ಗೆ ಹೇಳಿದ. ಒಂದು ಮಧ್ಯಾಹ್ನ ಅವಳು ಅವನ ತಟ್ಟೆಯಿಂದ ಕೇಳದೆಯೇ ಆಲಿವ್ ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ನಾನು ಆ ದಿನ ಊಟ ಅರ್ಧಕ್ಕೇ ಬಿಟ್ಟೆ. ಸಮುದ್ರ ಸ್ವಲ್ಪ ಒರಟಾಗಿತ್ತು ಎಂದು ಕಾಣುತ್ತದೆ.

ಪ್ರಯಾಣಿಕರಿಗೆ ಮಾತ್ರ ಹಬ್ಬ! ಮೀನಿನ ಡಬ್ಬಿಗಳ ವ್ಯಾಪಾರದಿಂದ ಸಿರಿವಂತರಾಗಿದ್ದ ಶ್ರೀಮತಿ ಬ್ರ್ಯಾಕ್ ಎಂಬ ವಿಧವೆ, "ನಿಶ್ಚಿತಾರ್ಥದ ಪಾರ್ಟಿ ನನ್ನ ಖರ್ಚಲ್ಲಿ" ಎಂದು ಸಾರಿಬಿಟ್ಟರು. ನಿವೃತ್ತ ನ್ಯಾಯಾಧೀಶ ಮೇಬರಿ ಎಂಬ ಬಿಳಿಗಡ್ಡದ ಮಹನೀಯರು ಶುಭ ಹಾರೈಸಿ ಭಾಷಣ ಮಾಡಿದರು. ನನಗಿಂತ ಉದ್ದದ ಭಾಷಣ, ಅಧ್ಯಕ್ಷರೇ, ಗಂಟೆಯಿಂದ ಕೈ ತೆಗೆಯಿರಿ. ಶಾಂಪೇನು, ಕೇಕು, ವಾದ್ಯ! ಆ ಗದ್ದಲದಲ್ಲಿ ಜೋಡಿ ಹೊರಗೆ ಹೋಯಿತು. ಹಿಂದೆಯೇ ಹೋಗಬೇಕಾದವನು ನಾನು. ಶ್ರೀಮತಿ ಬ್ರ್ಯಾಕ್ ನನ್ನ ತೋಳು ಹಿಡಿದು ಕುಣಿಸಲು ಎಳೆದೊಯ್ದಿದ್ದರು.

ಕುಣಿತ ಮುಗಿಯಿತು, ನ್ಯಾಯಾಧೀಶರು ಬಂದು ಬಾಗಿ ಆಕೆಯ ಕೈಗೆ ಮುತ್ತಿಟ್ಟು ವಂದಿಸಿ ಹೋದರು, ಎಲ್ಲರೂ ಕೇಕಿಗೆ ಮುಗಿಬಿದ್ದರು. ಅಷ್ಟರಲ್ಲಿ ಶ್ರೀಮತಿ ಬ್ರ್ಯಾಕ್ ಚೀರಿದರು. ಕೈಯಲ್ಲಿದ್ದ ಪಚ್ಚೆಯ ಕಡಗ ಇರಲಿಲ್ಲ!

ಹಡಗಿನಲ್ಲಿ ಗುಟ್ಟು ಉಳಿಯುತ್ತದೆಯೇ? ಯಾವನೋ ಅಧಿಕಾರಿ ಬಾಯಿಬಿಟ್ಟ. ಮದುಮಗ ಕಳ್ಳನಂತೆ! ಕ್ಷಣದಲ್ಲಿ ಧೂಮಪಾನದ ಕೋಣೆ ನ್ಯಾಯಾಲಯವಾಯಿತು. ಕ್ಯಾಪ್ಟನ್ ನಡುವೆ ಕುಳಿತರು, ನ್ಯಾಯಾಧೀಶ ಮೇಬರಿ ಪೈಪು ಹಿಡಿದು ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಲು ತಾವಾಗಿಯೇ ಮುಂದಾದರು. ಹೊರಗಿನಿಂದ ಬಂದ ಜೋಡಿಯನ್ನು ಎದುರಿಗೆ ನಿಲ್ಲಿಸಿದರು.

"ನೀವು ಪತ್ತೇದಾರಿಣಿ ಅಂತೆ. ಇಷ್ಟು ಹೊತ್ತು ಈ ಮನುಷ್ಯ ನಿಮ್ಮ ಕಣ್ಣ ಮುಂದೇನೇ ಇದ್ದನೇನಮ್ಮಾ?"

ಹ್ಯಾರಿಯೆಟ್ 'ಹೌದು' ಎಂದು ಸುಮ್ಮನಾಗಬಹುದಿತ್ತು. ಸುಳ್ಳು ಅವಳಿಗೆ ಬರುವುದಿಲ್ಲ. "ಇಲ್ಲ. ಸ್ವಲ್ಪ ಹೊತ್ತು ನನ್ನ ಕಣ್ಣು ಮುಚ್ಚಿದ್ವು."

"ಆಹಾ! ಹಾಗಾದ್ರೆ ಅವನು ಒಳಗೆ ಬಂದು ಕದ್ದು ಹೋಗಿರಬಹುದಲ್ಲ?"

"ಆಗಲ್ಲ ಸ್ವಾಮಿ. ಅವನ ತುಟಿ ನನ್ನ ತುಟಿ ಮೇಲಿತ್ತು. ನಾವಿದ್ದ ದೋಣಿಗಳ ಡೆಕ್ಕಿಂದ ಇಲ್ಲೀವರೆಗೂ ಕೈ ಚಾಚೋಕೆ ಯಾವ ಕಳ್ಳನಿಗೂ ಆಗಲ್ಲ."

ಸಭಿಕರೇ, ಹಿಂದೆ ನಿಂತವರೆಲ್ಲ ಕುರ್ಚಿ ಹತ್ತಿ ನೋಡತೊಡಗಿದರು! ನ್ಯಾಯಾಧೀಶರು ಮೆಲ್ಲಗೆ ನಕ್ಕರು. "ಕೈದಿಗೆ ಮುತ್ತು ಕೊಟ್ಟ ಪತ್ತೇದಾರಿಣಿ! ಇಬ್ಬರೂ ಸೇರೇ ಕದ್ದಿದ್ದೀರಿ ಅಂತ ನಾನಂತೀನಿ. ನಿಮ್ಮ ಕಚೇರಿಗೆ ಈಗಲೇ ತಂತಿ ಕಳಿಸೋಣ, ಕ್ಯಾಪ್ಟನ್."

ಹ್ಯಾರಿಯೆಟ್‌ಳ ಮುಖ ಬಿಳಿಚಿತು. ವರ್ಷಗಟ್ಟಲೆ ಜಗಳವಾಡಿ ಗಳಿಸಿದ್ದು ಒಂದು ತಂತಿಯಲ್ಲಿ ಹೋಗುವುದಿತ್ತು. ಕೆಲಸವಷ್ಟೇ ಅಲ್ಲ, ಅವಳೂ ಜೈಲು ಸೇರುವ ಮಾತಾಗಿತ್ತು. ಆಗ ಜಾಸ್ಪರ್ ಮುಂದೆ ಬಂದ.

"ಈಕೆ ಸುಳ್ಳು ಹೇಳ್ತಿದ್ದಾಳೆ. ಮುತ್ತೂ ಇಲ್ಲ, ಗಿತ್ತೂ ಇಲ್ಲ. ಕಡಗ ಕದ್ದಿದ್ದು ನಾನು, ಒಬ್ಬನೇ."

"ಇವನು ಕದ್ದಿಲ್ಲ!" ಎಂದು ಹ್ಯಾರಿಯೆಟ್ ಕೂಗಿದಳು.

"ಕದ್ದಿದ್ದೀನಿ ಅಂತ ಹೇಳ್ತಿಲ್ವಾ!"

"ಹಾಗಾದ್ರೆ ಕಡಗ ಎಲ್ಲಿ?" ಎಂದರು ಕ್ಯಾಪ್ಟನ್.

"ಸಮುದ್ರಕ್ಕೆ ಎಸೆದೆ."

"ಪಚ್ಚೆ ಕಡಗಾನ ಸಮುದ್ರಕ್ಕೆ ಎಸೆಯೋ ಕಳ್ಳನ್ನ ಯಾರಾದ್ರೂ ನೋಡಿದ್ದೀರಾ?" ಹ್ಯಾರಿಯೆಟ್ ಅವನ ಕೋಟಿನ ಕಾಲರು ಹಿಡಿದು ಅಲ್ಲಾಡಿಸಿದಳು. "ಏಯ್ ಪುಣ್ಯಾತ್ಮ, ತ್ಯಾಗ ಗೀಗ ಎಲ್ಲ ಆಮೇಲೆ ಮಾಡು. ನೀನು ಕಳ್ಳ ಅಲ್ವಾ? ಕಳ್ಳನ ಹಾಗೆ ಯೋಚ್ನೆ ಮಾಡು! ಆ ಕೈಯಿಂದ ಕಡಗ ಹೇಗೆ ಬಿಚ್ತೀಯ?"

ಜಾಸ್ಪರ್ ಕಾಲರನ್ನು ಮೆಲ್ಲಗೆ ಬಿಡಿಸಿಕೊಂಡ. ಆಮೇಲೆ ಶ್ರೀಮತಿ ಬ್ರ್ಯಾಕ್ ಅವರ ಮುಂದೆ ಹೋಗಿ, ಬಾಗಿ, ಕೈ ಹಿಡಿದು ಮುತ್ತಿಟ್ಟ. "ತಪ್ಪಾಯ್ತು ತಾಯಿ, ನಿಮ್ಮ ಸಂತೋಷ ಹಾಳಾಯ್ತು." ಆ ಮುದುಕಿಯ ಕಣ್ಣು ಒದ್ದೆಯಾಯಿತು. ಅವನು ನೆಟ್ಟಗೆ ನಿಂತು ಅಂಗೈ ತೆರೆದ. ಅಂಗೈಯಲ್ಲಿ ಆಕೆಯ ಮದುವೆಯ ಉಂಗುರ!

"ಹೀಗೆ ಬಿಚ್ತೀನಿ" ಎಂದ. "ಈಗ ಹೇಳಿ ತಾಯಿ, ಇವತ್ತು ಸಂಜೆ ನಿಮ್ಮ ಕೈಗೆ ಯಾರು ಮುತ್ತಿಟ್ರು?"

ಶ್ರೀಮತಿ ಬ್ರ್ಯಾಕ್ ಮೊದಲು ಉಂಗುರ ನೋಡಿದರು, ಆಮೇಲೆ ಬರಿಗೈ ನೋಡಿದರು, ಆಮೇಲೆ ಮೆಲ್ಲಗೆ ಕತ್ತು ತಿರುಗಿಸಿದರು. ಕೋಣೆಯ ಕತ್ತುಗಳೆಲ್ಲ ಒಟ್ಟಿಗೆ ತಿರುಗಿದವು. ನ್ಯಾಯಾಧೀಶ ಮೇಬರಿ ಅಷ್ಟರಲ್ಲಿ ಎದ್ದು ಬಾಗಿಲ ಹತ್ತಿರ ಬಂದಿದ್ದರು. ಬಾಗಿಲಲ್ಲಿ ನಾನಿದ್ದೆ. ನನ್ನನ್ನು ನೂಕಿದರು. ನಾನು ಅವರನ್ನು ತಬ್ಬಿಕೊಂಡೆ. ಇಬ್ಬರೂ ಉರುಳಿಬಿದ್ದೆವು. ಕೈಗೆ ಬಂದದ್ದು ಅವರ ಬಿಳಿಗಡ್ಡ, ಪೂರ್ತಿಯಾಗಿ! ಕಡಗ ಹೊಗೆಸೊಪ್ಪಿನ ಚೀಲದಲ್ಲಿ ಸಿಕ್ಕಿತು. ಆ ಮನುಷ್ಯ ಜನ್ಮದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರೆ ಅದು ಕಟಕಟೆಯಲ್ಲಿ ನಿಲ್ಲಲು ಮಾತ್ರ. ಆ ದಿನ ಹ್ಯಾರಿಯೆಟ್ ನನ್ನ ಬೆನ್ನು ತಟ್ಟಿ, "ಶಭಾಷ್ ವಿಲ್ಬರ್, ಸಿಂಹ ಕಣೋ ನೀನು" ಎಂದಳು. ನನ್ನ ಜೀವನದಲ್ಲಿ ನನ್ನನ್ನು ಸಿಂಹ ಎಂದವರು ಬೇರೆ ಯಾರೂ ಇಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನೀಲಮಣಿಯ ಪದಕ ಕದ್ದವನು ಜಾಸ್ಪರನೇ ಅಲ್ಲವೇ? ನ್ಯೂಯಾರ್ಕಿನ ಬಂದರು ಕಂಡಾಗ ಹ್ಯಾರಿಯೆಟ್ ಡೆಕ್ಕಿನ ಕಂಬಿಗೆ ಒರಗಿ ನಿಂತಿದ್ದಳು. "ನಿನ್ನನ್ನ ಒಪ್ಪಿಸಲೇಬೇಕು ಜಾಸ್ಪರ್. ಬಿಟ್ಟುಬಿಟ್ರೆ ನಾಳೆ ನನ್ನ ಮುಖ ನಾನೇ ನೋಡ್ಕೊಳ್ಳೋಕಾಗಲ್ಲ." "ಬಿಟ್ಟುಬಿಟ್ಟಿದ್ರೆ ನನಗೂ ನಿನ್ನ ಮುಖ ನೋಡೋಕಾಗ್ತಿರಲಿಲ್ಲ" ಎಂದ ಅವನು. ದಡಕ್ಕೆ ಇಳಿಯುವ ಹಲಗೆ ಹಾಕಿದ ಕೂಡಲೇ ಎಲ್ಲರಿಗಿಂತ ಮೊದಲು ಇಳಿದು ಪೊಲೀಸರ ಮುಂದೆ ನಿಂತವನು ಅವನೇ. ಪದಕ ಎಲ್ಲಿದೆ ಎಂದೂ ತಾನಾಗಿಯೇ ಹೇಳಿದ. ಆದರೂ ಜೈಲಾಯಿತು. ಮುತ್ತಿನ ಸುದ್ದಿ ಪತ್ರಿಕೆಗಳಲ್ಲಿ ಬಂದು ಅವಳ ಕೆಲಸವೂ ಹೋಯಿತು.

ಜೈಲು ಹಡ್ಸನ್ ನದಿಯ ಮೇಲ್ಭಾಗದಲ್ಲಿ, ದೂರ. ಹಡಗು ನ್ಯೂಯಾರ್ಕಿಗೆ ಬಂದಾಗಲೆಲ್ಲ ನನ್ನ ಹಳೆಯ ಫೋರ್ಡಿನಲ್ಲಿ ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅವಳು ಒಳಗೆ ಹೋಗುವಳು, ನಾನು ಹೊರಗೆ ಕಾರಿನಲ್ಲಿ ಕುಳಿತು ಅವಳು ಕಟ್ಟಿ ತಂದ ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುವೆನು. ಈಗಲೂ ನನಗೆ ಅದಕ್ಕಿಂತ ರುಚಿಯಾದ ತಿಂಡಿ ಗೊತ್ತಿಲ್ಲ. ಬಿಡುಗಡೆ ಹತ್ತಿರ ಬಂದಿದ್ದ ಒಂದು ದಿನ, ವಾಪಸು ಬರುವಾಗ, ಅವಳು ಕಾರು ನಿಲ್ಲಿಸು ಎಂದಳು. ನದಿಯ ಪಕ್ಕ ನಿಲ್ಲಿಸಿದೆ.

"ವಿಲ್ಬರ್, ಅವನು ಹೊರಗೆ ಬಂದು ಮತ್ತೆ ಹಳೇ ದಾರಿ ಹಿಡಿದ್ರೆ? ನನಗೆ ಭಯ ಆಗ್ತಿದೆ ಕಣೋ. ನೀನು ಅವನನ್ನ ನನ್ನಷ್ಟೇ ನೋಡಿದ್ದೀಯ. ಕಾಯಬೇಡ ಅಂತ ನೀನು ಹೇಳಿದ್ರೆ ನಾನು ಕಾಯಲ್ಲ. ನಿನ್ನ ಮಾತು ನಂಬ್ತೀನಿ."

ಅಂದು ನಾನು ಹೊಸ ಟೈ ಕಟ್ಟಿಕೊಂಡಿದ್ದೆ. ಯಾಕೆ ಎಂಬುದು ಈಗ ಮುಖ್ಯವಲ್ಲ. ನದಿಯ ಮೇಲೆ ಒಂದು ದೋಣಿ ಹೋಗುತ್ತಿತ್ತು, ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಆಮೇಲೆ ಹೇಳಿದೆ: "ಕಾಯಬೇಕು ಹ್ಯಾರಿಯೆಟ್. ನಿನಗಾಗಿ ಮಾಡದ ತಪ್ಪನ್ನ ಒಪ್ಕೊಂಡೋನು ಅವನು. ಅಂಥೋನು ಮತ್ತೆ ಹಾಳಾಗಲ್ಲ."

ಹಾಗೆ ಅವಳು ಕಾದಳು. ಅವನು ಬಂದ. ಈ ಊರಿನ ಚರ್ಚಿನಲ್ಲಿ ಮದುವೆಯಾಯಿತು, ವರನ ಪಕ್ಕದಲ್ಲಿ ನಿಂತವನು ನಾನೇ. ಮುಂದಿನದನ್ನು ನೀವು ಬಲ್ಲಿರಿ. ಆ ದಿನ ನಾನು ಬೇರೆ ಮಾತು ಹೇಳಿದ್ದರೆ? ಹೇಳಿದ್ದರೆ ಪೆನ್ನಿಕಟ್ ಊರಿಗೆ ಈ ಹ್ಯಾರಿಯೆಟ್ ಫೆನ್ ಸಿಗುತ್ತಿರಲಿಲ್ಲ, ಅಷ್ಟೇ. ನನಗೇನು ಸಿಗುತ್ತಿತ್ತು ಎಂದು ನಾನು ಎಂದೂ ಲೆಕ್ಕ ಹಾಕಿಲ್ಲ. ಹಾಕಿದ್ದರೂ ಯಾವಾಗಲೋ ಒಮ್ಮೆ.

ಗಂಟೆ ಬಾರಿಸಿತೇ? ಮುಗಿಸುತ್ತಿದ್ದೇನೆ, ಅಧ್ಯಕ್ಷರೇ, ಮುಗಿಸುತ್ತಿದ್ದೇನೆ. ನಾನು ಈ ಟೈ ವಿಷಯ ಹೇಳಬೇಕೆಂದುಕೊಂಡು ಬಂದಿರಲಿಲ್ಲ, ಅದು ಹೇಗೋ ಬಾಯಿಗೆ ಬಂತು. ಹ್ಯಾರಿಯೆಟ್ ಯಾಕೆ ಹೀಗೆ ನನ್ನನ್ನೇ ನೋಡುತ್ತಿದ್ದಾಳೆ? ಇಷ್ಟು ವರ್ಷ ಊರಿನವರ ಗುಟ್ಟುಗಳನ್ನೆಲ್ಲ ಪತ್ತೆ ಮಾಡಿದವಳು, ಇದೊಂದನ್ನು ಮಾತ್ರ... ಜಾಸ್ಪರ್, ಆಕೆಗೆ ಸ್ವಲ್ಪ ನೀರು ಕೊಡಪ್ಪಾ.

ಸಭಿಕರೇ, ಮಾತು ಉದ್ದವಾಯಿತು, ತಾಳ್ಮೆಯಿಂದ ಕೇಳಿದಿರಿ. ನನ್ನನ್ನು ಕರೆದ ನಾಗರಿಕ ಸಂಘಕ್ಕೆ, ಕೈಯಲ್ಲಿ ಗಂಟೆಯಿದ್ದರೂ ಕರುಣೆ ತೋರಿದ ಅಧ್ಯಕ್ಷರಿಗೆ, ಹಿಮದಲ್ಲಿ ನಡೆದು ಬಂದ ನಿಮಗೆ, ಮತ್ತು ಇಷ್ಟು ವರ್ಷ ಪ್ರತಿ ಭಾನುವಾರ ನನ್ನನ್ನು ಊಟಕ್ಕೆ ಕರೆದ ಆ ಗಂಡಹೆಂಡತಿಗೆ ನನ್ನ ಹೃದಯಪೂರ್ವಕ ವಂದನೆಗಳು. ಎಲ್ಲರಿಗೂ ನಮಸ್ಕಾರ.