ಸಾತ್ವಿಕಾ ಬಿಟ್ಟುಕೊಟ್ಟ ಕುದುರೆ

ನಗುವುದಾದರೆ ಈಗಲೇ ನಕ್ಕುಬಿಡಿ... ಆಮೇಲೆ ನಗು ಬರುವುದಿಲ್ಲ. ತೋಡಾರಿನ ನಮ್ಮ ನೆರೆಯ ಧರ್ಣಪ್ಪಣ್ಣನ ಮಗಳು ಸಾತ್ವಿಕಾಳಿಗೆ ಹೋದ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಆದದ್ದು.

ಮೂಡುಬಿದಿರೆಯ ಕಾಲೇಜಿನಿಂದ ಬಂದು ಬಸ್ಸಿಳಿದಾಗಲೇ ಕತ್ತಲೆ. ನಡೆದು ಅಂಗಳದ ಬಾವಿಯವರೆಗೆ ಬಂದಳು. ಮನೆ ಬಾಗಿಲು ಹಾಕಿತ್ತು. ಕಿಟಕಿಯಿಂದ ಅಮ್ಮನ ಪಿಸುದನಿ...

“ಸತ್ತ ಹಿರಿಯರಿಗೆ ಎಡೆ ಬಡಿಸಿ ಆಗಿದೆ ಮಗಾ, ಅವರು ಬಂದು ಉಣ್ಣುವ ಹೊತ್ತು. ಬಾಗಿಲು ತೆಗೆಯುವವರೆಗೆ ಅಲ್ಲೇ ನಿಲ್ಲು. ಬಾಯಿ ಬಿಡಬೇಡ.”

“ಅಮ್ಮಾ, ಏಳೂವರೆಗೆ ನನ್ನ ಆಟ ಉಂಟು!”

“ಶ್...”

ಕಾಲೇಜಿನ ಚೆಸ್ ತಂಡದಲ್ಲಿ ಉಳಿದದ್ದು ಒಂದೇ ಜಾಗ. ಮೊಬೈಲಿನಲ್ಲಿ ಮೂರು ನಿಮಿಷದ ಆಟ, ಗೆದ್ದವರಿಗೆ ಜಾಗ. ಎರಡು ವರ್ಷ ಕೂದಲೆಳೆಯಲ್ಲಿ ತಪ್ಪಿತ್ತು. ಇದು ಕೊನೆಯ ವರ್ಷ. ಪಾಪ, ಹುಡುಗಿಗೆ ಎರಡು ದಿನದಿಂದ ಅನ್ನ ಸೇರಿರಲಿಲ್ಲ.

ಬಾವಿಕಟ್ಟೆಯ ಮೇಲೆಯೇ ಕೂತಳು. ಎದುರಾಳಿ ಮೆಲ್ಕಾರಿನ ಬಾಸಿತ್, ಅವಳದೇ ಕ್ಲಾಸಿನವನು. ನೆಟ್ಟಗೆ ಆಡಿ ಅವನನ್ನು ಒಮ್ಮೆಯೂ ಗೆದ್ದವಳಲ್ಲ. ಹಾಗಾಗಿ ಕಿಂಗ್ಸ್ ಗ್ಯಾಂಬಿಟ್... ತನ್ನ ಕಾಯಿಯನ್ನೇ ಪುಕ್ಕಟೆ ಕೊಟ್ಟು ಮೇಲೆ ಬೀಳುವುದು. ಲೆಕ್ಕ ತಪ್ಪಿದರೆ ತನ್ನ ರಾಜನಿಗೆ ಕಾವಲಿಲ್ಲ.

ಕಾಲಾಳು ಬಿಟ್ಟಳು. ಕಾಯಿ ಕೊಡುವಾಗ ಬಾಯಿಬಿಟ್ಟು ಹೇಳುವುದು ಅವಳ ಚಾಳಿ.

“ತಗೋ.”

ಬಾವಿಯೊಳಗೆ... ಬುಳುಂಕ್.

ಕಪ್ಪೆ ಇರಬೇಕು. ಕುದುರೆಯನ್ನೂ ಬಿಟ್ಟಳು. “ತಗೋ.”

ಬುಳುಂಕ್. ಈ ಸಲ ಹತ್ತಿರದಲ್ಲೇ.

ದಾಳಿ ಮುರಿದುಬಿತ್ತು. ಇನ್ನು ನಲವತ್ತು ಸೆಕೆಂಡು. “ಅಯ್ಯೋ... ಯಾರಾದರೂ ಆಗಲಿ, ಇದೊಂದು ಗೆಲ್ಲಿಸಿಕೊಡಿ!” ಅಂತ ಅತ್ತೇಬಿಟ್ಟಳು. ಬೆವರಿದ ಕೈ. ಮೊಬೈಲ್ ಜಾರಿತು... ಬಾವಿಗೇ.

ಬಿದ್ದ ಸದ್ದು ಮಾತ್ರ ಬರಲಿಲ್ಲ.

ಮರುದಿನ ಬೆಳಿಗ್ಗೆ ತೋಟದ ಕೆಲಸದ ಹುಕ್ರಪ್ಪ ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಇಳಿಸಿ ಬಾವಿಯ ತಳವನ್ನೆಲ್ಲ ಜಾಲಾಡಿದ. ಒಂದು ಹಳೇ ಕೊಡ ಸಿಕ್ಕಿತು, ಮೊಬೈಲ್ ಇಲ್ಲ. ಕಣ್ಣು ಊದಿಸಿಕೊಂಡು ಕಾಲೇಜಿಗೆ ಹೋದರೆ, ಪಟ್ಟಿಯಲ್ಲಿ ಇವಳದೇ ಹೆಸರು! ಮೊಬೈಲ್ ಬಿದ್ದ ಮೇಲೆ ಇವಳ ಬಿಳಿ ಕಾಯಿಗಳು ಇನ್ನೂ ಒಂಬತ್ತು ನಡೆ ನಡೆದಿದ್ದವು. ಚೆಕ್‌ಮೇಟ್.

ಆಡಿದ್ದು ತಾನಲ್ಲ ಅಂತ ಗೊತ್ತಿದ್ದೂ ಹೆಸರಿನ ಮುಂದೆ ಸಹಿ ಹಾಕಿದಳು. ಹೇಗೆ ಬಿಡಬೇಕು ಹೇಳಿ?

ಅಷ್ಟರಲ್ಲಿ ಬಾಸಿತ್ ಬಂದ. ನಿದ್ದೆಗೆಟ್ಟ ಮುಖ.

“ಗೆದ್ದಾಯಿತಲ್ಲ ಮಾರಾಯ್ತಿ! ಮತ್ತೆ ಬೆಳಗಾಗುವವರೆಗೆ ಇನ್ನೊಂದಾಟ, ಇನ್ನೊಂದಾಟ ಅಂತ ಕರೆದದ್ದು ಯಾಕೆ?”

ಸಾತ್ವಿಕಾ ಖಾಲಿ ಕೈ ತೋರಿಸಿದಳು.

ಆಗಲೇ ಅವನ ಜೇಬಿನಲ್ಲಿ... ಟಿಣ್.

ಹಾಡುಹಗಲು, ಹತ್ತೂಕಾಲು ಗಂಟೆ. ಪರದೆಯ ಮೇಲೆ ಸಾತ್ವಿಕಾಳ ಹೆಸರು, ಇನ್ನೊಂದಾಟಕ್ಕೆ ಕರೆ. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ. ಅರುವತ್ತೆರಡನೆಯದು ಅದು... ಬಾಸಿತ್‌ನ ಮೊಬೈಲಿನಲ್ಲಿ ನಾನೇ ಎಣಿಸಿದ್ದೇನೆ.