ಸೊಲಾಂಜಳ ಮಂಚ ಯಾವ ಊರಿನದು?

ಅಧ್ಯಕ್ಷತೆ ವಹಿಸಿರುವ ಮೊಂಬ್ರೆಯ ಮೇಯರ್ ಮದಾಂ ಕುಟಾರ್ ಅವರೇ, ಪಕ್ಕದ ವಿಯರ್ಸಾಕ್‌ನಿಂದ ಬಂದು ವೈನ್ ಬಾಟಲಿಗಳ ಹತ್ತಿರದ ಕುರ್ಚಿಯನ್ನೇ ಹಿಡಿದಿರುವ ಮುಖ್ಯ ಅತಿಥಿ ಮೇಯರ್ ಲಾಶೋ ಅವರೇ, ನನ್ನನ್ನು ಬೀಳ್ಕೊಡುವ ನೆಪದಲ್ಲಿ ಆಲೂಗಡ್ಡೆಯ ಪೈ ತಿನ್ನಲು ನೆರೆದಿರುವ ಸಭಿಕರೇ,

ಮೂವತ್ತೊಂದು ವರ್ಷ ನಾನು, ಆನ್ಸೆಲ್ಮ್, ಮೊಂಬ್ರೆಯ ಊರ ಕಚೇರಿಯ ಏಕೈಕ ಕೆಲಸಗಾರನಾಗಿದ್ದೆ. ರಸ್ತೆಯ ಗುಂಡಿ ಮುಚ್ಚಿದೆ, ನಿಮ್ಮ ಹಿರಿಯರಿಗೆ ಗುಂಡಿ ತೋಡಿದೆ. ಬೇಲಿಬದಿಯ ಹುಲ್ಲನ್ನು ವಿಯರ್ಸಾಕ್‌ನ ಗಡಿಕಲ್ಲಿನವರೆಗೆ ಕೊಯ್ದು, ಅಲ್ಲಿಂದಾಚೆ ಒಂದು ಗರಿಯನ್ನೂ ಮುಟ್ಟಲಿಲ್ಲ. ಇಂದು ನೀವು ನನಗೆ ಮೀನಿನ ಗಾಳ ಕೊಟ್ಟಿದ್ದೀರಿ. ನಾನು ಮೀನು ಹಿಡಿಯುವವನಲ್ಲ ಎಂಬುದನ್ನು ಇಷ್ಟು ವರ್ಷದಲ್ಲಿ ಒಬ್ಬರಾದರೂ ಗಮನಿಸಬಾರದಿತ್ತೇ? ಇರಲಿ. ಕೃತಜ್ಞನಾಗಿದ್ದೇನೆ.

ಆದರೆ ನನ್ನ ನಿಜವಾದ ಕೆಲಸ ಯಾವುದಾಗಿತ್ತು, ಸಭಿಕರೇ? ಎಣಿಸುವುದು! ಎರಡೂ ಊರಿಗೆ ಒಂದೇ ಶಾಲೆ ಸಾಕೆಂದು ಒಪ್ಪಿದ ದಿನ ಇಬ್ಬರು ಮೇಯರುಗಳು ಒಂದು ಕಾಗದಕ್ಕೆ ಸಹಿ ಹಾಕಿದರು. ಯಾವ ಊರಿನ ಜನಸಂಖ್ಯೆ ನೂರಕ್ಕಿಂತ ಕೆಳಗಿಳಿಯುತ್ತದೋ ಅದು ತನ್ನ ಹೆಸರನ್ನೂ ಕಚೇರಿಯನ್ನೂ ಬಿಟ್ಟು ಇನ್ನೊಂದರೊಳಗೆ ಸೇರಿಕೊಳ್ಳಬೇಕು. ಎಣಿಕೆ ಐದು ವರ್ಷಕ್ಕೊಮ್ಮೆ. ಕಳೆದ ಸಲ ಅದು ಹತ್ತಿರ ಬಂದಾಗ ನಾವು ತೊಂಬತ್ತೊಂಬತ್ತು ಮಂದಿ ಇದ್ದೆವು.

ಅಂದು ಮದಾಂ ಕುಟಾರ್ ಇದೇ ಸಭಾಂಗಣದಲ್ಲಿ ಎದ್ದು ನಿಂತು, "ಯಾರಾದ್ರೂ ಒಂದು ಮಗು ಹೆತ್ತು ಕೊಡ್ರಪ್ಪಾ" ಎಂದರು. ಮುಂದಿನ ಸಾಲಿನಲ್ಲಿ ಕುಳಿತಿದ್ದವರ ಸರಾಸರಿ ವಯಸ್ಸು ಎಪ್ಪತ್ತೆರಡು. ಯಾರೂ ಮುಂದೆ ಬರಲಿಲ್ಲ.

ಆಗ ನೆನಪಾದವಳು ಸೊಲಾಂಜ್. ದಿಣ್ಣೆಯ ನೆತ್ತಿಯ ಮೇಲೆ ಅವಳ ಮನೆ. ಗಡಿ ಅದರ ನಡುಮನೆಯಲ್ಲಿ ಹಾದುಹೋಗುತ್ತದೆ. ಉತ್ತರದ ಕೋಣೆ ಮೊಂಬ್ರೆಯದು, ಒಲೆಯಿರುವ ದಕ್ಷಿಣದ ಕೋಣೆ ವಿಯರ್ಸಾಕ್‌ನದು. ಕಾನೂನು ಏನನ್ನುತ್ತದೋ ನನಗೆ ತಿಳಿಯದು. ನಮ್ಮೆರಡು ಊರುಗಳ ವಾಡಿಕೆಯಲ್ಲಿ ಮಂಚ ಎಲ್ಲಿದೆಯೋ ತಲೆ ಅಲ್ಲಿಯದು. ವಿಧವೆ ಸೊಲಾಂಜ್ ಒಲೆಯ ಪಕ್ಕ ಮಲಗುತ್ತಿದ್ದಳು. ನಾನು ಹೋಗಿ ಮಂಚಕ್ಕೆ ಕೈ ಹಾಕಿದೆ.

"ಏನೋ ಇದು, ಬ್ರಹ್ಮಚಾರಿ ಗಂಡ್ಸು ಬಂದು ನನ್ ಮಂಚ ಎತ್ತೋದು! ನಾಚ್ಕೆ ಆಗಲ್ವಾ?" ಎಂದಳು.

"ಊರಿನ ಕೆಲ್ಸ ಕಣೇ" ಎಂದೆ.

"ಎಣಿಕೆ ಮುಗಿದ್ಮೇಲೆ ವಾಪಸ್ ಇಡ್ತೀಯಾ ತಾನೇ?"

"ಮಾರನೇ ದಿನಾನೇ."

ಊರು ಉಳಿಯಿತು. ನೀವು ಕುಡಿದಿರಿ, ಕುಣಿದಿರಿ. ಮಂಚವನ್ನು ಮಾತ್ರ ನಾನು ವಾಪಸ್ ಇಡಲಿಲ್ಲ. ಬೆನ್ನುನೋವು ಎಂದೆ. ಹುಲ್ಲು ಕೊಯ್ಯುವಾಗ ಇಲ್ಲದ ನೋವು! ನಿಜ ಹೇಳಲೇ? ಉತ್ತರದ ಕೋಣೆ ಹಿಮಗಡ್ಡೆ. ಅಲ್ಲಿ ಮಲಗುವವಳಿಗೆ ಬಿಸಿನೀರಿನ ಚೀಲ ಬೇಕು, ಕಿಟಕಿಯ ಸಂದಿಗೆ ಬಟ್ಟೆ ತುರುಕಬೇಕು. ಅದನ್ನೆಲ್ಲ ಮಾಡಲು ಒಬ್ಬ ಬರಬೇಕಲ್ಲ? ಆ ಒಬ್ಬ ನಾನಾಗಿದ್ದೆ. ದಿನವೂ ಸೂಪು ಕುಡಿದು ಬರುತ್ತಿದ್ದೆ. ಈ ಮಾತು ಭಾಷಣದಲ್ಲಿ ಬರೆದಿರಲಿಲ್ಲ, ಬಾಯಿ ಜಾರಿತು, ಕ್ಷಮಿಸಬೇಕು.

ಈ ಚಳಿಗಾಲ ಸೊಲಾಂಜಳ ಕೆಮ್ಮು ಎದೆಗಿಳಿಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ನೋಡಲು ಹೋದಾಗ ಹೇಳಿದಳು: "ನಿಮ್ಮೂರು ನನ್ ತಲೆ ಎಣಿಸ್ತು ಆನ್ಸೆಲ್ಮ್. ನನ್ ಕಾಲು ತಣ್ಣಗಿದ್ಯಾ ಅಂತ ಯಾರ್ ಕೇಳಿದ್ರು?"

ನನಗೆ ನಾಚಿಕೆಯಾಯಿತು. ನೂರು ಎಂಬ ಅಂಕಿಗಾಗಿ, ಅದಕ್ಕಿಂತ ಹೆಚ್ಚಾಗಿ ಒಂದು ಬಟ್ಟಲು ಸೂಪಿಗಾಗಿ, ನಾನು ಒಬ್ಬಳನ್ನು ಐದು ಚಳಿಗಾಲ ನಡುಗಿಸಿದ್ದೆ.

ಕಳೆದ ಮಂಗಳವಾರ ಅವಳು ಮನೆಗೆ ಬಂದಳು. ನಾನು ಮಂಚವನ್ನು ಒಲೆಯ ಪಕ್ಕ ಇಟ್ಟೆ. ಬೆನ್ನು ನೋಯಲಿಲ್ಲ. ಟೋಪಿ ತೆಗೆದುಕೊಂಡು ಬಾಗಿಲಿಗೆ ಬಂದಾಗ ಅವಳೆಂದಳು: "ಇನ್ ನೀನ್ ಬರೋಕೆ ಯಾವ್ ನೆಪಾನೂ ಉಳೀಲಿಲ್ವಲ್ಲೋ, ದಡ್ಡ. ಟೋಪಿ ಆ ಮೊಳೆಗೆ ಹಾಕು."

ಹಾಕಿದೆ, ಸಭಿಕರೇ. ಇನ್ನೂ ಅಲ್ಲೇ ಇದೆ.

ಲಾಶೋ ಅವರು ಬೆರಳು ಮಡಚುತ್ತಿದ್ದಾರೆ. ಸರಿಯಾಗಿಯೇ ಎಣಿಸುತ್ತಿದ್ದೀರಿ ಸ್ವಾಮಿ: ನೂರರಲ್ಲಿ ಅವಳದೂ ನನ್ನದೂ ಎರಡು ತಲೆ ಹೋದರೆ ತೊಂಬತ್ತೆಂಟು. ಮದಾಂ ಕುಟಾರ್, ನನ್ನನ್ನು ಹಾಗೆ ನೋಡಬೇಡಿ. ಈ ಗುರುವಾರದ ಎಣಿಕೆಗೆ ಯಾರನ್ನೂ ದಿಣ್ಣೆಗೆ ಕಳಿಸಲೂ ಬೇಡಿ. ಬಾಗಿಲು ತಟ್ಟಿದರೆ ನಾವು ಬೇಗ ಏಳುವುದಿಲ್ಲ. ಆ ಕೋಣೆ ಬಹಳ ಬೆಚ್ಚಗಿದೆ.

ಇಷ್ಟು ಹೊತ್ತು ಪೈ ಆರಲು ಬಿಟ್ಟು ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.